ನೂರಿಪ್ಪತ್ತರ ಕೆಳಗೆ

ಶಹಾಪುರ, ಬೆಳಗಾವಿ
ಜನವರಿ 16, 2025

ವೈನಿಯವರಿಗೆ,

ಮನೆ ಮುಟ್ಟಿದೆನೆಂದು ಅಣ್ಣ ಫೋನು ಮಾಡಿದ. ಡಾಕ್ಟರು ಏನೆಂದರು ಎಂಬುದನ್ನು ನಿಮಗೆ ಹೇಳಿದ್ದಾನೋ ಇಲ್ಲವೋ. ಹೇಳಿದ್ದರೂ ಅರ್ಧ ಹೇಳಿರುತ್ತಾನೆ, ಉಳಿದರ್ಧವನ್ನು ಗಿರಣಿಗೆ ಹಾಕಿ ಬೀಸಿರುತ್ತಾನೆ. ಅದಕ್ಕೇ ಈ ಕಾಗದ. ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಮೂವತ್ತು ವರ್ಷ ಕೂತು ನಿಮ್ಮ ಕಿವಿ ಹೋಯಿತು, ಮನೆಗಿರುವ ಒಂದೇ ಫೋನು ಅವನ ಅಂಗಿ ಜೇಬಿನಲ್ಲಿ. ಅವನ ವಿಷಯ ನಾವಿಬ್ಬರು ಮಾತಾಡಬೇಕೆಂದರೆ ಅಂಚೆಯವನೇ ಗತಿ.

ಬಿಪಿ ನೂರಾ ಐವತ್ತೆಂಟು ಇತ್ತು. ಎರಡು ಗುಳಿಗೆ ನಡೆಯುತ್ತಿರುವಾಗಲೇ ಇಷ್ಟು. ಡಾಕ್ಟರ್ ವಿನಯ ಮೂರನೆಯದನ್ನು ಸೇರಿಸಿದ್ದಾರೆ. "ಮೊದಲ ನೂರಾ ನಲವತ್ತಕ್ಕ ಬಂದ್ರ ಸಾಕು ಅಂತಿದ್ವಿ. ಈಗ ಹಂಗಲ್ರಿ. ದೊಡ್ಡ ದೊಡ್ಡ ಸ್ಟಡಿ ಮಾಡ್ಯಾರ. ನೂರಿಪ್ಪತ್ತರ ಕೆಳಗ ಇಟ್ಟವರಿಗೆ ಹಾರ್ಟ್ ಅಟ್ಯಾಕ್ ಕಡಿಮಿ ಆಗ್ಯಾವ. ನಿಮ್ಮ ಮನಿತನದಾಗ ಎದಿ ಜಡ್ಡು ಐತಿ, ನಾವು ಗಟ್ಟಿಯಾಗೇ ಇಳಸೂಣು" ಎಂದರು. ನಾನು ಅಣ್ಣನ ಮುಖ ನೋಡದೆ ಹೂಂ ಎಂದೆ. ಅವನು ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತ, "ಇದರಾಗ ಬೀಸೂ ಕಲ್ಲು ಎಲ್ಲೈತ್ರಿ ಸಾಹೇಬರ?" ಎಂದು ಕೇಳಿದ. ಡಾಕ್ಟರು ನಕ್ಕರು, ನನಗೆ ನಗು ಬರಲಿಲ್ಲ.

ಅಪ್ಪ ಹೋದಾಗ ನನಗೆ ಹದಿನೇಳು. ನಮ್ಮ ಹಿರಿಯವನು ಈರಯ್ಯಣ್ಣ ಹೋದದ್ದು ನಿಮ್ಮ ಕಣ್ಣೆದುರಿಗೇ, ಗಿರಣಿಯ ಕಟ್ಟೆಯ ಮೇಲೆ, ಚಹಾ ಕುಡಿಯುತ್ತ. ಇಬ್ಬರಿಗೂ ಬಿಪಿ, ಇಬ್ಬರಿಗೂ ಎದೆ. ಮೂವರಲ್ಲಿ ಉಳಿದವನು ಬಸಯ್ಯಣ್ಣನೊಬ್ಬ. ಗುಳಿಗೆ ತಪ್ಪದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಅವನ ಚೀಲದಲ್ಲಿ ಬಿಪಿ ಮಷೀನ್ ಹಾಕಿ ಕಳಿಸಿದ್ದೇನೆ, ವಾರಕ್ಕೊಮ್ಮೆ ನೋಡಿ ಬರೆಯಿರಿ. ಏಪ್ರಿಲಿನಲ್ಲಿ ಮತ್ತೆ ಬರಬೇಕು. ಎಂದಿನಂತೆ ಉಪವಾಸ ಬರಬೇಕು, ಪರೀಕ್ಷೆಗೆ ರಕ್ತ ಕೊಡುವುದಿದೆ.

ನಿಮ್ಮ ನಾದಿನಿ,
ಪದ್ಮಶ್ರೀ


ಖಾನಾಪುರ
ಫೆಬ್ರವರಿ 20

ಪದ್ಮಾ,

ನಿನ್ನ ಕಾಗದವನ್ನು ಅಂಚೆಯವನು ಇವರ ಕೈಗೇ ಕೊಡಲಿದ್ದ. ನಾನು ಹಿಟ್ಟಿನ ಕೈಯಲ್ಲೇ ಹೋಗಿ ಕಸಿದುಕೊಂಡೆ. ಇವರು ನಕ್ಕು ಏನೋ ಅಂದರು. ತುಟಿ ನೋಡಿ ತಿಳಿದುಕೊಂಡೆ, "ನಾದಿನಿ ವೈನಿ ಕೂಡಿ ನನ್ನ ತೂಕಾ ಮಾಡಾಕತ್ತೀರೇನು?" ಎಂದು.

ಗುಳಿಗೆಯ ಬಗ್ಗೆ ನೀನು ಚಿಂತೆ ಮಾಡಬೇಡ. ಇವರ ಪದ್ಧತಿ ನಿನಗೆ ಗೊತ್ತಿದ್ದದ್ದೇ. ಸ್ನಾನವಾಗಬೇಕು, ಲಿಂಗಪೂಜೆ ಆಗಬೇಕು, ಅಲ್ಲಿಯವರೆಗೆ ಗುಟುಕು ನೀರೂ ಇಲ್ಲ. ಆಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಗುಳಿಗೆ. ಮೂರನ್ನೂ ಅಂಗೈಯಲ್ಲಿಟ್ಟುಕೊಂಡು ಎದುರಿಗೆ ನಿಲ್ಲುತ್ತೇನೆ, ನುಂಗಿ ಬಾಯಿ ತೆರೆದು ತೋರಿಸುವ ತನಕ ಬಿಡುವುದಿಲ್ಲ. ಊಟವಿಲ್ಲದೆ ಗುಳಿಗೆ ಕೊಡಬಾರದೆಂದು ಆ ಕಾಂಪೌಂಡರ್ ಹೇಳಿದ್ದು ನನಗೆ ನೆನಪಿದೆ.

ಆದರೆ ಈ ಮೂರನೆಯದು ಬಂದಮೇಲೆ ಮನುಷ್ಯ ಬದಲಾಗಿದ್ದಾರೆ. ಜೋಳದ ಚೀಲಕ್ಕೆ ಬಗ್ಗಿ ಎದ್ದರೆಂದರೆ ಒಂದು ಕ್ಷಣ ಗೋಡೆ ಹಿಡಿದು ನಿಲ್ಲುತ್ತಾರೆ. ಮೊನ್ನೆ ಹಾಗೇ ನಿಂತದ್ದನ್ನು ನೋಡಿ ಕರೆಪ್ಪ ಓಡಿ ಬಂದು ತೋಳು ಹಿಡಿದ. ಇಷ್ಟು ವರ್ಷ ನಮ್ಮ ಗಿರಣಿಯಲ್ಲಿ ದುಡಿದವನು, ಮಾಲೀಕರಿಗೆ ಎದುರಾಡಿದ್ದಿಲ್ಲ. ಈಗ ಇವರನ್ನು ಬೆಲ್ಟಿನ ಹತ್ತಿರ ಸುಳಿಯಗೊಡುವುದಿಲ್ಲ. "ಏನಾಗತೈತ್ರಿ?" ಎಂದು ಕೇಳಿದರೆ, "ಏನಿಲ್ಲ, ನೆಲಾ ಒಂದೀಟು ಜಾರಿದಂಗ ಆಗತೈತಿ, ಆಮ್ಯಾಲೆ ತನ್ನ ಜಾಗಾಕ್ಕ ಬಂದು ಕುಂದರತೈತಿ" ಎನ್ನುತ್ತಾರೆ.

ಮಷೀನ್ ಒಂದು ದಿನ ನೂರಾ ನಾಲ್ಕು ತೋರಿಸಿತು, ಇನ್ನೊಂದು ದಿನ ತೊಂಬತ್ತೆಂಟು. ನೂರಿಪ್ಪತ್ತರ ಕೆಳಗೆ ಬೇಕು ಎಂದು ನೀನೇ ಬರೆದಿದ್ದೆ. ಇದು ತೀರಾ ಕೆಳಗಾಗಲಿಲ್ಲವೇ? ನಾನು ಏಳನೇ ಇಯತ್ತೆ ಓದಿದವಳು, ನನಗೆ ತಿಳಿಯುವುದಿಲ್ಲ. ಡಾಕ್ಟರನ್ನು ಒಮ್ಮೆ ಕೇಳು.

ನಿನ್ನ ವೈನಿ,
ಗಂಗಾದೇವಿ


ಬೆಳಗಾವಿ
ಮಾರ್ಚ್ 3

ವೈನಿ,

ಕೇಳಿದೆ. ಡಾಕ್ಟರು ಸಿಗಲಿಲ್ಲ, ಕಾಂಪೌಂಡರ್ ಸಿಕ್ಕ. ಮನೆಯ ಮಷೀನ್‌ಗಳ ಮೇಲೆ ಭರವಸೆ ಇಡಬೇಡಿ, ಪಟ್ಟಿ ಸಡಿಲ ಕಟ್ಟಿದರೆ, ಸೆಲ್ ಇಳಿದಿದ್ದರೆ ಏನೇನೋ ತೋರಿಸುತ್ತವೆ, ಮುಂದಿನ ಸಲ ತನ್ನಿ, ಹೋಲಿಸಿ ನೋಡೋಣ ಎಂದ. ನನಗೂ ಅದೇ ಅನಿಸುತ್ತದೆ. ಡಾಕ್ಟರರ ಕೈಯಲ್ಲಿ ನೂರಾ ಐವತ್ತೆಂಟು ಇದ್ದವನು ನಿಮ್ಮ ಕೈಯಲ್ಲಿ ತೊಂಬತ್ತೆಂಟು ಹೇಗಾಗುತ್ತಾನೆ? ಹೊಸ ಗುಳಿಗೆಗೆ ಮೊದಮೊದಲು ತಲೆ ತಿರುಗುವುದುಂಟಂತೆ. ನಿಧಾನ ಏಳಲು ಹೇಳಿ.

ಸಿಟ್ಟಾಗಬೇಡಿ. ನಾನು ಕಾಲೇಜಿನ ಆಫೀಸಿನಲ್ಲಿ ಕೂತು ಹುಡುಗರ ಪ್ರವೇಶದ ಕಾಗದ ನೋಡುತ್ತಿರುತ್ತೇನೆ, ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸಿತೆಂದರೆ ಹೆಸರು ನೋಡುವ ಮೊದಲೇ ಎದ್ದು ನಿಂತಿರುತ್ತೇನೆ. ಈರಯ್ಯಣ್ಣನ ದಿನವೂ ಹಾಗೇ ಬಾರಿಸಿತ್ತು. ಅವನಿಗೆ ನೂರಾ ಎಂಬತ್ತಿದ್ದದ್ದು ನಮಗೆಲ್ಲ ಗೊತ್ತಿತ್ತು. ಅವನು ಗುಳಿಗೆ ಬೇಡ ಎಂದ, ನಾವೂ ಹಿರಿಯವನೆಂದು ಸುಮ್ಮನಿದ್ದೆವು. ಬಸಯ್ಯಣ್ಣನ ವಿಷಯದಲ್ಲಿ ನನ್ನಿಂದ ಸುಮ್ಮನಿರಲು ಆಗುವುದಿಲ್ಲ. ತಲೆ ತಿರುಗಿದರೆ ತಿರುಗಲಿ, ಎದೆ ನಿಲ್ಲುವುದಕ್ಕಿಂತ ವಾಸಿ.

ಪದ್ಮಶ್ರೀ


ಬೆಳಗಾವಿ
ಏಪ್ರಿಲ್ 18

ವೈನಿ,

ನಿನ್ನೆ ಅಣ್ಣ ಬಂದುಹೋದ. ಮಷೀನ್ ತರಲಿಲ್ಲ. ಕೇಳಿದರೆ, "ವೈರು ಗೀರು ಇರೂದನ್ನ ಬಸ್ಸಿನಾಗ ತೊಡಿ ಮ್ಯಾಲ ಇಟಗೊಂಡು ಕುಂತ್ರ ಕಂಡಕ್ಟರ್ ಇಳಿಸಿ ಬಿಡತಾನ" ಎಂದ. ಬಸ್‌ ಸ್ಟ್ಯಾಂಡಿನಿಂದ ಆಟೋ ಬೇಡವೆಂದು ಬಿಸಿಲಲ್ಲಿ ನಡೆದೇ ಬಂದಿದ್ದ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ನಮ್ಮ ಪಾಳಿ ಬಂದಿತ್ತು, ಕೂಡಲೇ ಒಳಗೆ ಕರೆದರು.

ನೂರಾ ಅರವತ್ನಾಲ್ಕು, ವೈನಿ. ಮೂರು ಗುಳಿಗೆಯ ಮೇಲೆ ನೂರಾ ಅರವತ್ನಾಲ್ಕು. ಡಾಕ್ಟರು ಪೆನ್ನು ಕೆಳಗಿಟ್ಟು, "ಅಜ್ಜಾರ, ಗುಳಿಗಿ ಬಿಡತೀರೇನು? ಖರೇ ಹೇಳ್ರಿ" ಎಂದರು. "ಒಂದ ದಿನಾನೂ ತಪ್ಪಿಸಿಲ್ರಿ. ನನ್ನ ಹೇಂತಿ ಪೊಲೀಸ್ ಅದಾಳ" ಎಂದ ಅಣ್ಣ. ಡಾಕ್ಟರು ಒಂದನ್ನು ದುಪ್ಪಟ್ಟು ಮಾಡಿ, ನೀರು ಇಳಿಸುವ ಗುಳಿಗೆಯೊಂದನ್ನು ಹೊಸದಾಗಿ ಬರೆದರು. ಈಗ ನಾಲ್ಕು.

ಒಂದು ಮಾತು ಕೇಳಲೇಬೇಕು. ಅವನ ತಲೆ ತಿರುಗುವುದನ್ನು ನೋಡಲಾಗದೆ ನೀವು ಗುಳಿಗೆ ಅರ್ಧ ಮಾಡಿ ಕೊಡುತ್ತಿದ್ದೀರಾ? ಅಥವಾ ನಡುನಡುವೆ ಬಿಡುತ್ತಿದ್ದೀರಾ? ನಿಮ್ಮ ಕರುಳು ನನಗೆ ಗೊತ್ತು, ತಪ್ಪು ತಿಳಿಯುವುದಿಲ್ಲ. ಆದರೆ ನಿಜ ಗೊತ್ತಾಗದಿದ್ದರೆ ಡಾಕ್ಟರಾದರೂ ಏನು ಮಾಡಿಯಾರು?

ಪದ್ಮಶ್ರೀ


ಖಾನಾಪುರ
ಏಪ್ರಿಲ್ 27

ಪದ್ಮಶ್ರೀಗೆ,

ಅರ್ಧ ಮಾಡಿಲ್ಲ. ಬಿಟ್ಟೂ ಇಲ್ಲ. ಇನ್ನು ಮೇಲೆ ನಾಲ್ಕನ್ನೂ ಕೊಡುತ್ತೇನೆ. ಮಷೀನ್ ಕಪಾಟಿನ ಮೇಲಿಟ್ಟಿದ್ದೇನೆ, ಅದು ತೋರಿಸಿದ್ದನ್ನು ನಂಬುವವರು ಯಾರೂ ಇಲ್ಲದ ಮೇಲೆ ದಿನಾ ಇವರ ತೋಳು ಹಿಂಡುವುದೇಕೆ.

ಗಂಗಾದೇವಿ


ಖಾನಾಪುರ
ಜೂನ್ 22

ಪದ್ಮಾ,

ಆಸ್ಪತ್ರೆಯಲ್ಲಿ, ಆಮೇಲೆ ನಿನ್ನ ಮನೆಯಲ್ಲಿ ಅಷ್ಟು ದಿನ ಇದ್ದರೂ ಇವರು ಬಿದ್ದ ದಿನದ ಮಾತನ್ನು ನಾನು ಎತ್ತಲಿಲ್ಲ. ನೀನೂ ಕೇಳಲಿಲ್ಲ. ನೀನು ಅಡುಗೆ ಮಾಡಿದೆ, ನಾನು ಇವರನ್ನು ಮಗ್ಗಲು ಹೊರಳಿಸಿದೆ, ಹಾಗೇ ದಿನ ಕಳೆದೆವು. ಈಗ ಊರಿಗೆ ಬಂದಿದ್ದೇವೆ. ಇವರು ವಾಕರ್ ಹಿಡಿದು ಪಡಸಾಲೆಯಿಂದ ಬಚ್ಚಲಿನ ತನಕ ಹೋಗುತ್ತಾರೆ. ತೊಡೆಯ ಸಂದಿನ ಎಲುಬು ಕೂಡಿದೆಯಂತೆ, ಮನಸ್ಸು ಕೂಡಿಲ್ಲ. ಬಾಯಿಂದ ಹೇಳಲು ಆಗದ್ದನ್ನು ಬರೆಯುತ್ತೇನೆ.

ಮೇ ತಿಂಗಳ ಬಿಸಿಲು. ನಾಲ್ಕನೆಯ ಗುಳಿಗೆಯಿಂದ ಇವರಿಗೆ ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕಾಗಿತ್ತು, ಬಾಯಿ ಒಣಗುತ್ತಿತ್ತು. ಬೆಳಿಗ್ಗೆ ಒಂದು ಲೋಟ ನೀರು ಕುಡಿದಾದರೂ ಪೂಜೆಗೆ ಕೂಡಿರಿ ಎಂದೆ. "ಲಿಂಗಕ್ಕ ಎರಿಯೂದಕಿಂತ ಮೊದಲ ನಾ ಕುಡೀಲೇನು?" ಎಂದರು. ಆವತ್ತು ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಇವರು ಪೂಜೆ ಮುಗಿಸಿ, ಲಿಂಗವನ್ನು ಅಂಗೈಯಲ್ಲಿ ಹಿಡಿದೇ, ಗೋಡೆಯ ಮಾಡದೊಳಗಿನ ವಿಭೂತಿ ತೆಗೆದುಕೊಳ್ಳಲು ಎದ್ದರಂತೆ. ಎದ್ದದ್ದಷ್ಟೇ ನೆನಪು.

ಬಿದ್ದ ಸದ್ದು ನನಗೆ ಕೇಳಲಿಲ್ಲ, ಪದ್ಮಾ. ಕರೆದದ್ದೂ ಕೇಳಲಿಲ್ಲ. ರೊಟ್ಟಿ ಆರುತ್ತವಲ್ಲ, ಇನ್ನೂ ಯಾಕೆ ಬರಲಿಲ್ಲ ಎಂದು ಹೋಗಿ ನೋಡಿದೆ. ಕಾಲು ಹೊರಳಿತ್ತು, ಅದರ ಕಡೆ ಇವರ ಲಕ್ಷ್ಯವಿರಲಿಲ್ಲ. ಲಿಂಗ ಕೈಯಿಂದ ಬಿದ್ದು ಟ್ರಂಕಿನ ಕೆಳಗೆ ಹೋಗಿತ್ತು. ಅದಕ್ಕಾಗಿ ಕೈ ಚಾಚಿಕೊಂಡು ಮಲಗಿದ್ದರು. ನಾನು ತೆಗೆದು, ತೊಳೆದು, ಅಂಗೈಯಲ್ಲಿಟ್ಟೆ. "ಕೈಯಾಗಿಂದ ಬಿತ್ತು, ಗಂಗಾ" ಎಂದರು. ನಲವತ್ತು ವರ್ಷದಲ್ಲಿ ಇವರು ಅತ್ತದ್ದನ್ನು ನಾನು ಅವತ್ತೇ ನೋಡಿದ್ದು. ಜಂಗಮರ ಮನೆಯಲ್ಲಿ ಹುಟ್ಟಿದವಳು ನೀನು, ಲಿಂಗ ಬಿದ್ದರೆ ಪ್ರಾಣವೇ ಬಿದ್ದಂತೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ನೀನು ಗುಳಿಗೆ ಬಿಡಿಸುತ್ತೀರಾ ಎಂದು ಕೇಳಿದ್ದೆಯಲ್ಲ, ಅದು ಇನ್ನೂ ನನ್ನೊಳಗೆ ಚುಚ್ಚುತ್ತದೆ. ಲಿಂಗ ಸಾಕ್ಷಿ, ಎಲ್ಲವನ್ನೂ ನನ್ನ ಕೈಯಾರೆ ಕೊಟ್ಟಿದ್ದೇನೆ. ಬೆಳಗಾವಿಗೆ ಡಾಕ್ಟರ ಹತ್ತಿರ ಬರುವ ದಿನವೊಂದು ಬಿಟ್ಟು. ಅದು ನಾನು ಬಿಡಿಸಿದ್ದಲ್ಲ. ಉಪವಾಸ ಬರಬೇಕೆಂದು ಹೇಳಿದ್ದಾರಲ್ಲ, ಇವರಿಗೆ ಉಪವಾಸವೆಂದರೆ ಉಪವಾಸ. ಹಿಂದಿನ ದಿನದಿಂದಲೇ ಹಿಡಿಯುತ್ತಾರೆ, ಹಾಲು ಬಾಳೆಹಣ್ಣು ಬಿಟ್ಟು ಏನೂ ಇಲ್ಲ. ಊಟವಿಲ್ಲದೆ ಗುಳಿಗೆ ಇಲ್ಲವಲ್ಲ, ಹಾಗಾಗಿ ಹಿಂದಿನ ದಿನವೂ ಇಲ್ಲ, ಆ ಬೆಳಿಗ್ಗೆಯೂ ಇಲ್ಲ. ತಿರುಗಿ ಬಂದು ಉಂಡ ಮೇಲೆ ಎಲ್ಲ ಸರಿಯಾಗಿ ತೆಗೆದುಕೊಳ್ಳುತ್ತಿದ್ದರು. ಅದನ್ನು ತಪ್ಪಿಸಿದ್ದು ಎನ್ನುತ್ತಾರೆಯೇ?

ಗಂಗಾದೇವಿ


ಬೆಳಗಾವಿ
ಜುಲೈ 1

ವೈನಿ,

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಒಡೆದೆ. ಕೊನೆಯ ಸಾಲುಗಳನ್ನು ಓದಿ ಎದ್ದವಳು ರಜೆಯನ್ನೂ ಹೇಳದೆ ನೇರ ಡಾಕ್ಟರ ಹತ್ತಿರ ಹೋದೆ. ಕಾಗದವನ್ನೇ ಅವರ ಕೈಗೆ ಕೊಟ್ಟೆ. ಓದಿದರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು.

ನೀವು ತಪ್ಪಿಸಿಲ್ಲ, ವೈನಿ. ಆದರೆ ಗುಳಿಗೆ ಏರಿಸುವ ಮೊದಲು ಅವನ ಬಿಪಿಯನ್ನು ಇಲ್ಲಿ ಅಳೆದದ್ದೆಲ್ಲ ಗುಳಿಗೆ ಇಲ್ಲದ ದಿನವೇ. ನೂರಾ ಅರವತ್ನಾಲ್ಕು ಗುಳಿಗೆ ಇಲ್ಲದ ಅಣ್ಣನದು. ನಿಮ್ಮ ಮಷೀನ್ ತೋರಿಸಿದ ತೊಂಬತ್ತೆಂಟು ಗುಳಿಗೆ ತೆಗೆದುಕೊಂಡ ಅಣ್ಣನದು. ಎರಡೂ ಖರೆ. ನಾವು ಇಲ್ಲಿ ಮೊದಲನೆಯದನ್ನು ನೋಡಿ ಗುಳಿಗೆ ಏರಿಸುತ್ತ ಹೋದೆವು, ಅಲ್ಲಿ ಎರಡನೆಯದು ಇಳಿಯುತ್ತ ಹೋಯಿತು.

"ರಕ್ತಾ ಕೊಡಾಕ ಉಪಾಸ ಬಾ ಅಂದ್ರ ಗುಳಿಗಿನೂ ಬಿಟ್ಟು ಬರತಾರ ಅಂತ ನಾ ಕೇಳಬೇಕಾಗಿತ್ತು" ಎಂದರು ಡಾಕ್ಟರು. "ಆ ಸ್ಟಡಿಯೊಳಗ ಗುಳಿಗಿ ತಗೊಂಡವರನ್ನ ಸುಮ್ನ ಕುಂದ್ರಿಸಿ, ದಣಿವು ಆರಿಸಿ, ಆಮ್ಯಾಲೆ ಅಳದಾರ. ನಾ ಬಿಸಲಾಗ ನಡದು ಬಂದ ಉಪಾಸಿ ಮನಶ್ಯಾನ್ನ ಅಳದೆ." ಬೈಯಬೇಕೆಂದು ಹೋದವಳಿಗೆ ಬೈಯಲೂ ಆಗಲಿಲ್ಲ. ಮಷೀನ್ ಸುಳ್ಳು ಹೇಳುತ್ತದೆ ಎಂದು ನಿಮಗೆ ಬರೆದವಳು ನಾನು.

ಇನ್ನು ಮುಂದೆ ಎಷ್ಟಕ್ಕೆ ಇಡಬೇಕು ಎಂದು ಕೇಳಿದೆ. ಡಾಕ್ಟರು ಹಳೆಯ ಚೀಟಿಗಳನ್ನೆಲ್ಲ ತಿರುವಿ ನೋಡಿದರು. ಆಮೇಲೆ, "ಇವರಿಗೆ ಇಷ್ಟ ಅಂತ ಯಾವ ಪುಸ್ತಕದಾಗೂ ಬರದಿಲ್ರಿ. ಗಟ್ಟಿ ಇಳಿಸಿದ್ರ ಮತ್ತ ಬೀಳತಾರ. ಬಿಟ್ರ ಎದಿಗೆ ಬಡೀತೈತಿ. ಎರಡ ಗುಳಿಗಿ ಇಡೂಣು, ನೂರಾ ಮೂವತ್ತರ ಮ್ಯಾಲ ಕೆಳಗ ನೋಡೂಣು" ಎಂದರು. ಅತ್ತ ದರಿ, ಇತ್ತ ಪುಲಿ. ನನಗೆ ಒಂದು ಗಟ್ಟಿ ಅಂಕಿ ಬೇಕಿತ್ತು, ಅವರಲ್ಲಿ ಅದು ಇರಲಿಲ್ಲ.

ಎರಡೂ ಗುಳಿಗೆಯ ಹೆಸರು ಈ ಕಾಗದದ ಹಿಂದೆ ಬರೆದಿದ್ದೇನೆ. ಮಷೀನನ್ನು ಕಪಾಟಿನಿಂದ ಇಳಿಸಿ, ವೈನಿ. ನನ್ನನ್ನು ಕ್ಷಮಿಸಿ ಎಂದು ಬರೆದರೆ ಸಣ್ಣ ಮಾತಾಗುತ್ತದೆ.

ಪದ್ಮಶ್ರೀ


ಖಾನಾಪುರ
ಜುಲೈ 24

ಪದ್ಮಾ,

ಕ್ಷಮೆ ಗಿಮೆ ಬಿಡು. ಈಗ ಬೇರೆಯೇ ಸಂಕಟ ಬಂದಿದೆ. ಇವರು ಒಂದು ಗುಳಿಗೆಯನ್ನೂ ಮುಟ್ಟುವುದಿಲ್ಲ.

ಲಿಂಗ ಕೆಡವಿದ್ದು ಗುಳಿಗೆ ಎಂದು ಇವರ ತಲೆಯಲ್ಲಿ ಕೂತಿದೆ. ಮಠದ ಸ್ವಾಮಿಗಳು ಮನೆಗೇ ಬಂದಿದ್ದರು. ಲಿಂಗವನ್ನು ತಮ್ಮ ಕೈಯಿಂದ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿ, "ನಿಮ್ಮ ಕೈ ಬಿಟ್ಟಿರಬಹುದು ಬಸಯ್ಯನವರ, ಲಿಂಗ ನಿಮ್ಮನ್ನ ಬಿಟ್ಟಿಲ್ಲ" ಎಂದರು. ಇವರು ಕಾಲಿಗೆರಗಿದರು, ಅವರಿರುವ ತನಕ ಹೂಂ ಹೂಂ ಎಂದರು. ಅವರು ಹೊಸ್ತಿಲು ದಾಟಿದ ಮೇಲೆ ನಾನು ಕೊಟ್ಟ ಗುಳಿಗೆಯನ್ನು ನನ್ನ ಅಂಗೈಗೇ ತಿರುಗಿ ಇಟ್ಟರು. ಈಗ ಕುರ್ಚಿಯ ಮೇಲೆ ಕೂತು ಪೂಜೆ ಮಾಡುತ್ತಾರೆ. ಮೊದಲಿಗಿಂತ ಹೆಚ್ಚು ಹೊತ್ತು ಮಾಡುತ್ತಾರೆ. ಕೈ ನಡುಗುವುದಿಲ್ಲ, ತಲೆ ತಿರುಗುವುದಿಲ್ಲ. ಮುಖ ಕೆಂಪಗೆ ಕಾಣುತ್ತದೆ. ನೋಡಿದವರು ಬಸಯ್ಯನವರು ಗುಣವಾದರು ಎನ್ನುತ್ತಾರೆ.

ಮಷೀನ್ ನೂರಾ ಎಪ್ಪತ್ತೆರಡು ತೋರಿಸುತ್ತದೆ.

ಚಳಿಗಾಲದಲ್ಲಿ ನಿನ್ನ ಕೂಡ ಜಗಳಾಡಿದವಳು ನಾನೇ, ತೀರಾ ಕೆಳಗಾಯಿತು ಎಂದು. ಈಗ ನಾನೇ ಕೈ ಮುಗಿದು ಕೇಳುತ್ತೇನೆ, ಇದನ್ನು ಇಳಿಸು. ಈರಯ್ಯ ಭಾವನವರು ಕೂತ ಕಟ್ಟೆಯ ಮೇಲೇ ಇವರೂ ಸಂಜೆ ಹೋಗಿ ಕೂಡುತ್ತಾರೆ. ನಾನು ಒಳಗಿನಿಂದ ನೋಡುತ್ತ ನಿಲ್ಲುತ್ತೇನೆ. ಕರೆದರೆ ಕೇಳುವ ಕಿವಿಯಂತೂ ನನಗಿಲ್ಲ, ನಾನು ಕಣ್ಣನ್ನೂ ಮುಚ್ಚಿದರೆ ಹೇಗೆ? ನನ್ನ ಮಾತು ಇವರು ಕೇಳುವುದಿಲ್ಲ. ನೀನು ಬರೆ, ನಿನ್ನ ಮಾತಿಗೆ ಬೆಲೆ ಉಂಟು.

ಗಂಗಾದೇವಿ


ಬೆಳಗಾವಿ
ಆಗಸ್ಟ್ 3

ಅಣ್ಣಾ,

ಫೋನಿನಲ್ಲಿ ನೀನು ಮಾತು ಹೊರಳಿಸುತ್ತೀ, ಅದಕ್ಕೆ ಬರೆಯುತ್ತೇನೆ. ನಾಲ್ಕು ಬೇಡ. ಎರಡೂ ಬೇಡವೆಂದರೆ ಒಂದು. ತಪ್ಪಾದದ್ದು ಗುಳಿಗೆಯಿಂದಲ್ಲ, ನಮ್ಮ ಅಳತೆಯಿಂದ. ಸಿಟ್ಟಿದ್ದರೆ ನನ್ನ ಮೇಲೆ ಇರಲಿ, ನನಗೆ ಎರಡೇಟು ಹಾಕು, ಗುಳಿಗೆ ನುಂಗು. ಅಪ್ಪನಿಗೆ ಹೇಳಲು ನನಗೆ ಬುದ್ಧಿ ಇರಲಿಲ್ಲ, ಈರಯ್ಯಣ್ಣನಿಗೆ ಹೇಳಲು ಧೈರ್ಯವಿರಲಿಲ್ಲ. ನಿನಗೆ ಹೇಳಿ ಹೇಳಿ ಬೀಳಿಸಿದೆ. ಇನ್ನು ಯಾವ ಬಾಯಿಯಿಂದ ಹೇಳಲಿ? ಆದರೂ ಹೇಳುತ್ತಿದ್ದೇನೆ.

ಪದ್ದಿ


ಖಾನಾಪುರ
ಆಗಸ್ಟ್ 12

ಪದ್ದಿ,

ನಿನ್ನ ಕಾಗದ ಓದಿದೆ. ನಿನ್ನ ವೈನಿ ಎದುರಿಗೆ ಕೂತು ನನ್ನ ಮುಖವನ್ನೇ ಓದುತ್ತಿದ್ದಳು.

ನಿನ್ನ ಮೇಲೆ ಸಿಟ್ಟಿಲ್ಲ. ಚಿಕ್ಕಂದಿನಲ್ಲಿ ಗಿರಣಿಯ ಹೊಟ್ಟಿನ ರಾಶಿಯಲ್ಲಿ ಹುಗಿದುಕೊಂಡು ಕೂತು, ಹುಡುಕಿ ಹುಡುಕಿ ನಾನು ಅಳುವಂತೆ ಮಾಡಿದವಳು ನೀನು, ಆಗಲೂ ಸಿಟ್ಟಾಗಲಿಲ್ಲ. ಡಾಕ್ಟರ ಮೇಲೂ ಇಲ್ಲ, ಒಳ್ಳೆಯ ಮನುಷ್ಯ. ಆದರೆ ಒಂದು ಲೆಕ್ಕ ನನಗೆ ತಿಳಿಯುವುದಿಲ್ಲ. ಬೀಸುವ ಕಲ್ಲನ್ನು ಬಿಗಿ ಮಾಡಿದರೆ ಹಿಟ್ಟು ಸಣ್ಣ ಬರುತ್ತದೆ, ಮತ್ತಷ್ಟು ಬಿಗಿ ಮಾಡಿದರೆ ಹಿಟ್ಟು ಸುಡುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಕೈಗೆ ಗೊತ್ತಾಗುತ್ತದೆ. ನನ್ನ ಎದೆಯೊಳಗೆ ಕೈ ಹಾಕಿ ನೋಡುವವರು ಯಾರು? ನೀವೆಲ್ಲ ಹೊರಗಿನಿಂದ ಪಟ್ಟಿ ಕಟ್ಟಿ ಒಬ್ಬರು ಏರಿತು ಎನ್ನುತ್ತೀರಿ, ಒಬ್ಬರು ಇಳಿಯಿತು ಎನ್ನುತ್ತೀರಿ.

ಸಾಯುವುದಕ್ಕೆ ನಾನು ಅಷ್ಟು ಅಂಜುವುದಿಲ್ಲ. ಅಂಗೈಯಲ್ಲಿ ಲಿಂಗ ನಿಲ್ಲಬೇಕು, ಅಷ್ಟೇ. ನಿನ್ನ ವೈನಿ ನಿನ್ನೆ ರೊಟ್ಟಿ ಬಡಿಯುತ್ತ ಅತ್ತಳು. ಅಳುವ ಸದ್ದು ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯುವುದಿಲ್ಲ, ಪಾಪ. ಕಟ್ಟೆಯ ತನಕ ಕೇಳಿಸಿತು. ಅದಕ್ಕೇ ಒಂದು ಗುಳಿಗೆ ಶುರು ಮಾಡಿದ್ದೇನೆ. ಒಂದೇ. ಎರಡನೆಯದರ ಮಾತು ಎತ್ತಬೇಡ.

ನಿನ್ನ ಅಣ್ಣ,
ಬಸಯ್ಯ


ಖಾನಾಪುರ
ಅಕ್ಟೋಬರ್ 19

ಪದ್ಮಾ,

ಆಸ್ಪತ್ರೆಯಿಂದ ಬಂದು ಇವತ್ತಿಗೆ ವಾರ. ನಿನಗೆ ಬರೆಯೋಣವೆಂದು ದಿನಾ ಅಂದುಕೊಳ್ಳುತ್ತೇನೆ, ಬಂದವರಿಗೆ ಚಹಾ ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ಮೊದಲು ಪಕ್ಕದ ಮನೆಯ ಕಲಂದರ ಭಾವನಿಗೆ ನೀನು ಒಂದು ಫೋನು ಮಾಡು. ಅವತ್ತು ಇವರು ಕಟ್ಟೆಯ ಮೇಲೆ ಎದೆ ಹಿಡಿದುಕೊಂಡಾಗ ತಮ್ಮ ಗಾಡಿ ತೆಗೆದು ಬೆಳಗಾವಿಯ ತನಕ ಹಾರನ್ ಮೇಲಿಂದ ಕೈ ತೆಗೆಯದೆ ಬಂದರಂತೆ. ನನಗೆ ಹಾರನ್ ಕೇಳಲಿಲ್ಲ, ಎದುರಿನ ಲಾರಿಗಳು ದಾರಿ ಬಿಡುವುದು ಕಾಣುತ್ತಿತ್ತು. ಹೊತ್ತಿಗೆ ಮುಟ್ಟಿದ್ದರಿಂದಲೇ ಸ್ಟೆಂಟ್ ಹಾಕಲು ಆಯಿತು ಎಂದು ನೀನೇ ಚೀಟಿ ಬರೆದು ತೋರಿಸಿದ್ದೆ.

ಈಗ ಒಳ್ಳೆಯ ಸುದ್ದಿ ಕೇಳು. ಬಂದ ದಿನದಿಂದ ಬಿಪಿ ನೋಡುತ್ತಿದ್ದೇನೆ. ನೀನು ಹೇಳಿದ ಹಾಗೇ, ಗುಳಿಗೆ ಕೊಟ್ಟ ಮೇಲೆ, ಸುಮ್ಮನೆ ಕೂಡಿಸಿ, ಪಟ್ಟಿ ಬಿಗಿಯಾಗಿ ಕಟ್ಟಿ. ಒಂದು ದಿನ ನೂರಾ ಹದಿನಾರು, ಒಂದು ದಿನ ನೂರಾ ಹತ್ತು, ಇವತ್ತು ನೂರಾ ಹನ್ನೆರಡು. ನೂರಿಪ್ಪತ್ತರ ಕೆಳಗೆ ಬಂತು ಪದ್ಮಾ. ಮೊದಲು ನಾಲ್ಕು ಗುಳಿಗೆ ನುಂಗಿಸಿ ಕೆಡವಿ ತಂದ ಅಂಕಿ, ಈಗ ಬಿಪಿಯ ಹಳೆಯ ಗುಳಿಗೆ ಒಂದೂ ಇಲ್ಲ, ಎದೆಗೆಂದು ಕೊಟ್ಟ ಸಣ್ಣ ಸಣ್ಣ ಗುಳಿಗೆ ಅಷ್ಟೇ, ಆದರೂ ತಾನಾಗಿಯೇ ಬಂದಿದೆ. ಇವರು ಗುಳಿಗೆಗೂ ಈಗ ಹಟ ಮಾಡುವುದಿಲ್ಲ.

ನಿಶ್ಶಕ್ತಿ ಬಹಳವಿದೆ. ನಾಲ್ಕು ಹೆಜ್ಜೆ ನಡೆದರೆ ಉಸಿರು ಹಿಡಿಯುತ್ತದೆ, ಕಾಲು ಸಂಜೆಗೆ ಬಾಯುತ್ತವೆ. ದೊಡ್ಡ ಜಡ್ಡಿನಿಂದ ಎದ್ದವರು, ಇದ್ದದ್ದೇ. ಉಂಡು ಉಟ್ಟು ಕೂತರೆ ಕಾರ್ತೀಕ ಕಳೆಯುವುದರೊಳಗೆ ತಿರುಗಾಡುತ್ತಾರೆ. ಈಗ ಹೆದರಿಕೆ ಹೋಯಿತಲ್ಲವೇ? ಡಾಕ್ಟರು ನಿನ್ನ ಕೂಡ ಬಹಳ ಹೊತ್ತು ಮಾತಾಡಿದರು, ನನಗೆ ಕೇಳಲಿಲ್ಲ. ಈ ನೂರಾ ಹನ್ನೆರಡು ಒಳ್ಳೆಯದು ಎಂದು ಒಂದು ಸಾಲು ಬರೆ. ನಿನ್ನ ಕೈಯಿಂದ ಓದಿದರೆ ನನಗೆ ನಿದ್ದೆ ಬರುತ್ತದೆ.

ನಿನ್ನ ವೈನಿ,
ಗಂಗಾದೇವಿ


ಖಾನಾಪುರ
ಅಕ್ಟೋಬರ್ 21

ಪದ್ದಿ,

ನಿನ್ನ ವೈನಿ ನಿನಗೆ ಕಾಗದ ಹಾಕಿದ್ದಾಳೆ. ಏನು ಬರೆದಿದ್ದಾಳೆಂದು ಓದದೆಯೂ ಗೊತ್ತು, ಮೂರು ದಿನದಿಂದ ಕಂಡವರಿಗೆಲ್ಲ ಅದೇ ಅಂಕಿ ಹೇಳುತ್ತಿದ್ದಾಳೆ. ಕರೆಪ್ಪನಿಗೂ ಹೇಳಿದ್ದಾಳೆ, ಹಿಟ್ಟು ಒಯ್ಯಲು ಬಂದವರಿಗೂ ಹೇಳಿದ್ದಾಳೆ.

ಆಸ್ಪತ್ರೆ ಬಿಡುವ ದಿನ ಡಾಕ್ಟರು ನಿನ್ನನ್ನು ಹೊರಗೆ ಕರೆದು ಮಾತಾಡಿದರಲ್ಲ, ಬಾಗಿಲು ಪೂರ್ತಿ ಹಾಕಿರಲಿಲ್ಲ. ನಮ್ಮ ಮನೆಯಲ್ಲಿ ಕಿವಿ ಹೋದದ್ದು ನಿನ್ನ ವೈನಿಯದು, ನನ್ನದಲ್ಲ. "ಇನ್ನ ಬಿಪಿ ತಾನ ಇಳೀತೈತ್ರಿ. ಎದಿಗೆ ರಕ್ತಾ ದೂಡೂ ಶಕ್ತಿನ ಉಳಿದಿಲ್ಲ. ಅದು ಗುಳಿಗಿ ಕೆಲಸ ಅಲ್ಲ" ಎಂದರು. ನೀನು ಎಷ್ಟು ದಿನ ಎಂದು ಕೇಳಿದೆ. ಅವರು ಏನೋ ಅಂದರು, ಆ ಮಾತು ಮಾತ್ರ ನನಗೆ ಕೇಳಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ.

ಹತ್ತು ತಿಂಗಳು ನಾಲ್ಕು ಜನ ಕೂಡಿ ಹುಡುಕಿದ ಅಂಕಿ ಕೊನೆಗೆ ಬಂತು. ನನಗೆ ಇದರಲ್ಲಿ ನಗಬೇಕೋ ಏನು ಮಾಡಬೇಕೋ ತಿಳಿಯುವುದಿಲ್ಲ. ನಿನ್ನ ವೈನಿ ದಿನಾ ಪಟ್ಟಿ ಕಟ್ಟುವಾಗ ನಾನು ಅವಳ ಮುಖ ನೋಡುತ್ತೇನೆ. ಮಷೀನ್ ನಿಂತು ಅಂಕಿ ಬಿದ್ದ ಕೂಡಲೇ ಅವಳ ಮುಖ ಹಗುರಾಗುತ್ತದೆ. ಇಷ್ಟು ವರ್ಷ ಆ ಮುಖವನ್ನು ಹಿಟ್ಟಿನ ದೂಳಿನಲ್ಲೇ ನೋಡಿದ್ದೆ, ಸರಿಯಾಗಿ ನೋಡಿದ್ದೇ ಈಗ.

ಅವಳಿಗೆ ಹೇಳಬೇಡ. ಮುಂದೆ ತಿಳಿಯುತ್ತದೆ, ತಿಳಿಯಲಿ. ಈಗ ಬೇಡ. ನೀನು ನನ್ನ ಮಾತು ಒಂದೂ ಕೇಳಿದವಳಲ್ಲ, ಇದೊಂದನ್ನು ಕೇಳು.

ಬಸಯ್ಯ


ಬೆಳಗಾವಿ
ಅಕ್ಟೋಬರ್ 29

ವೈನಿ,

ನಿಮ್ಮ ಕಾಗದ ಬಂದು ಕೆಲವು ದಿನವಾಯಿತು. ಉತ್ತರ ಬರೆಯಲು ತಡವಾಯಿತು, ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ. ಕಲಂದರ ಭಾವನಿಗೆ ಫೋನು ಮಾಡಿದೆ. ಅವರು ಅಣ್ಣನ ಬಗ್ಗೆ ಕೇಳಿದರು, ಚೆನ್ನಾಗಿದ್ದಾನೆ ಎಂದೆ.

ಮೊನ್ನೆ ರವಿವಾರ ಪೇಟೆಗೆ ಹೋಗಿದ್ದೆ, ಅಣ್ಣನಿಗೆ ಇಷ್ಟವೆಂದು ಒಳ್ಳೆಯ ಖಜೂರ ತೆಗೆದುಕೊಂಡಿದ್ದೇನೆ. ಅಡುಗೆಗೆ ಉಪ್ಪು ಕಡಿಮೆ ಮಾಡಿ, ಕಾಲು ಬಾತರೆ ದಿಂಬಿನ ಮೇಲಿಡಿಸಿ. ಉಸಿರು ಹೆಚ್ಚು ಹಿಡಿದರೆ ಕಾಯಬೇಡಿ, ಕರೆಪ್ಪನ ಕೈಯಿಂದ ನನಗೆ ಫೋನು ಮಾಡಿಸಿ. ಅವನು ಪೂಜೆಗೆ ಎಷ್ಟು ಹೊತ್ತು ಕೂತರೂ ಕೂಡಲಿ, ತಡೆಯಬೇಡಿ, ನೀವೂ ಪಕ್ಕದಲ್ಲಿ ಕೂಡಿ. ಗಿರಣಿಯನ್ನು ಕರೆಪ್ಪ ನೋಡಿಕೊಳ್ಳುತ್ತಾನೆ. ನಾನು ಈ ಶನಿವಾರ ಬರುತ್ತೇನೆ, ಸ್ವಲ್ಪ ದಿನ ಇರುತ್ತೇನೆ. ರಜೆ ಬಹಳ ಉಳಿದಿದೆ, ಅದಕ್ಕೆ.

ನೀವು ಕೇಳಿದ್ದಕ್ಕೆ ಉತ್ತರ. ನೂರಾ ಹನ್ನೆರಡು ಒಳ್ಳೆಯ ಅಂಕಿ, ವೈನಿ. ನಿದ್ದೆ ಮಾಡಿ.

ನಿಮ್ಮ
ಪದ್ಮಶ್ರೀ